ಕೈ ತಾಳುವಷ್ಟು ಬಿಸಿ

ನನ್ನ ಅತ್ತಿಗೆಯ ಅಂಗೈ ಮುಟ್ಟಿದವರಿಗೆ ಅದು ಕೈಯೋ ಮರದ ಮಣೆಯೋ ಎಂದು ಅನುಮಾನ ಬರುತ್ತದೆ. ಬಾಯಿಗೆ ಬಂದದ್ದು ಹೇಳುತ್ತಿದ್ದೇನೆ ಅಂದುಕೊಳ್ಳಬೇಡಿ. ಮದುವೆಯಾಗಿ ಬಂದ ಹೊಸದರಲ್ಲಿ ಅವಳ ಕೈ ನನ್ನ ಕೈಗಿಂತ ಮೆತ್ತಗಿತ್ತು. ನಾನು ಬಟ್ಟೆ ಹೊಲಿಯುವವಳು. ಸೂಜಿ ಚುಚ್ಚಿಸಿಕೊಂಡು ಒರಟಾದ ನನ್ನ ಬೆರಳ ತುದಿಗಳನ್ನು ಹಿಡಿದು ಅವಳೇ ಅಯ್ಯೋ ಪಾಪ ಅಂದಿದ್ದಳು. ಆಮೇಲೆ ಅವಳಿಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕಡೆ ಕೆಲಸ ಸಿಕ್ಕಿತು. ಕೆಲಸ ಬಂತು, ಕೈ ಹೋಯಿತು.

ಆಸ್ಪತ್ರೆಯ ಹಿಂದೆ ಅದೊಂದು ಉದ್ದನೆಯ ಕಟ್ಟಡ. ಒಂದು ತುದಿಯಲ್ಲಿ ರೋಗಿಗಳ ಹಾಸಿಗೆ ಬಟ್ಟೆ ಕುದಿಸುತ್ತಾರೆ, ನಡುವೆ ಹಿಂಡುವ ಯಂತ್ರ, ಇನ್ನೊಂದು ತುದಿಯಲ್ಲಿ ಒಣಗಿಸುವ ಕೋಣೆ. ಕೋಣೆಯ ಗೋಡೆಯುದ್ದಕ್ಕೂ ಆವಿ ಹರಿಯುವ ಕೊಳವೆಗಳು. ಅವುಗಳ ಮುಂದೆ ಕಬ್ಬಿಣದ ಕಂಬಿಗಳ ಮೇಲೆ ಸಾಲು ಸಾಲಾಗಿ ದುಪ್ಪಟಿ, ದಿಂಬಿನ ಚೀಲ, ಡಾಕ್ಟರುಗಳ ಹಸಿರು ಅಂಗಿ. ಒಣಗಿದ್ದನ್ನು ಎಳೆದು ತೆಗೆಯುವುದು, ಹಸಿ ಇದ್ದದ್ದನ್ನು ಹರವುವುದು ಅತ್ತಿಗೆಯ ಕೆಲಸ. ಒಮ್ಮೆ ಅವಳು ಮರೆತು ಹೋದ ಬೀಗದ ಕೈ ಕೊಡಲು ಹೋಗಿ ನಾನು ಆ ಕೋಣೆಯ ಬಾಗಿಲಲ್ಲಿ ನಿಂತೆ. ಒಲೆಯೊಳಗೆ ತಲೆ ಇಟ್ಟಂತಾಯಿತು. ಆಸರೆಗೆಂದು ಕಂಬಿ ಹಿಡಿದವಳು ಕೈ ಕಿತ್ತುಕೊಂಡು, ಬೀಗದ ಕೈಯನ್ನು ಒಳಗೆ ಎಸೆದು ಹೊರಗೋಡಿ ಬಂದೆ. ಅತ್ತಿಗೆ ಅದೇ ಕಂಬಿಯನ್ನು ಬರಿಗೈಯಲ್ಲಿ ಹಿಡಿದುಕೊಂಡು ನಗುತ್ತಾ ನಿಂತಿದ್ದಳು. ಚಳಿಗಾಲದಲ್ಲಿ ಬಾ, ಹಿತವಾಗಿರುತ್ತೆ ಎಂದಳು.

ಅವರ ಮನೆಯಲ್ಲಿ ಇಕ್ಕಳ ಎನ್ನುವ ವಸ್ತುವೇ ಇರಲಿಲ್ಲ. ಕುದಿಯುವ ಹಾಲಿನ ಪಾತ್ರೆಯನ್ನು ಅತ್ತಿಗೆ ಎರಡೂ ಕೈಯಲ್ಲಿ ಹಿಡಿದು ಇಳಿಸುತ್ತಿದ್ದಳು. ಮನೆಗೆ ಬಂದವರು ಹೌಹಾರಿದರೆ ನನ್ನ ಅಣ್ಣನಿಗೆ ಖುಷಿಯೋ ಖುಷಿ. ಎಲ್ಲರೂ ಅಂಗಡಿಯಿಂದ ಇಕ್ಕಳ ತರುತ್ತಾರೆ, ನಾನು ತಾಳಿ ಕಟ್ಟಿ ತಂದೆ ಎನ್ನುತ್ತಿದ್ದ. ಅತ್ತಿಗೆ ಮುಖ ಊದಿಸಿಕೊಳ್ಳುವಂತೆ ನಟಿಸುತ್ತಿದ್ದಳು, ಒಳಗೊಳಗೇ ಹೆಮ್ಮೆ. ನಾವೆಲ್ಲ ನಕ್ಕಿದ್ದೇವೆ. ನಾನಂತೂ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದೇನೆ.

ಅಣ್ಣ ಬಸ್ ಕಂಡಕ್ಟರಾಗಿದ್ದ. ಇಡೀ ಜೀವಮಾನ ಜನರನ್ನು ಮುಂದೆ ಹೋಗಿ ಮುಂದೆ ಹೋಗಿ ಎಂದು ತಳ್ಳಿದವನು ನಿವೃತ್ತನಾದ ಮೇಲೆ ಮನೆಯ ಮುಂದಿನ ಗಿಡಗಳ ಹತ್ತಿರ ಅದೇ ಮಾತಾಡುತ್ತಿದ್ದ. ಚಿಕ್ಕ ಮನೆ. ಬಾಗಿಲಿಗೂ ರಸ್ತೆಗೂ ನಡುವೆ ಒಂದು ಪಟ್ಟಿ ಮಣ್ಣು, ಒಬ್ಬರು ಕಾಲು ಚಾಚಿ ಮಲಗುವಷ್ಟು ಅಗಲ. ಅದರಲ್ಲಿ ಅವನು ಬೆಳೆಸಿದ್ದು ಒಂದೇ ಹೂ, ಹಾಲಿಹಾಕ್. ಆ ಹೆಸರು ನಮ್ಮ ಓಣಿಯವರ ನಾಲಿಗೆಗೆ ಹೊರಳಲಿಲ್ಲ, ಹಾಗಾಗಿ ಅದು ಕಂಡಕ್ಟರ್ ಹೂವಾಯಿತು. ಗೋಡೆಗೆ ಒರಗಿಕೊಂಡು ಆಳೆತ್ತರಕ್ಕೂ ಮೀರಿ ನೆಟ್ಟಗೆ ನಿಲ್ಲುವ ಕಾಂಡ, ಕಾಂಡದುದ್ದಕ್ಕೂ ಕೆಳಗಿನಿಂದ ಮೇಲಕ್ಕೆ ಒಂದೊಂದಾಗಿ ಅರಳುವ ಬಟ್ಟಲಿನಂಥ ಹೂಗಳು. ಸೀಟು ಸಿಗದೆ ನಿಂತ ಪ್ರಯಾಣಿಕರು ಎಂದು ಅಣ್ಣ ಅವುಗಳನ್ನು ತೋರಿಸುತ್ತಿದ್ದ.

ಬಣ್ಣ ಮಾತ್ರ ಬೇರೆಲ್ಲೂ ಕಾಣದ್ದು. ದೂರದಿಂದ ನೋಡಿದರೆ ಕಪ್ಪು. ಸಂಜೆಯ ಬಿಸಿಲು ಹಿಂದಿನಿಂದ ಬಿದ್ದಾಗ ಒಳಗಿನ ಕೆಂಪು ಹೊರಬರುತ್ತಿತ್ತು. ತಾನು ಓಡಾಡುತ್ತಿದ್ದ ದಾರಿಯಲ್ಲಿ ಯಾವುದೋ ಪಾಳು ಮನೆಯ ಗೋಡೆಯ ಪಕ್ಕ ಬಸ್ಸು ಕೆಟ್ಟು ನಿಂತಾಗ, ಒಣಗಿದ ಒಂದು ಕಾಯಿಯನ್ನು ಕಿಸೆಗೆ ಹಾಕಿಕೊಂಡು ಬಂದಿದ್ದನಂತೆ. ಅಲ್ಲಿಂದ ಮುಂದೆ ಅದು ಅವನ ಆಸ್ತಿ. ಜಿಪುಣ ಅಂದರೆ ಜಿಪುಣ, ಯಾರಿಗೂ ಒಂದು ಬೀಜ ಕೊಟ್ಟವನಲ್ಲ. ಒಡಹುಟ್ಟಿದ ತಂಗಿ ನಾನು, ಎಷ್ಟು ಸಲ ಕೇಳಿದ್ದೇನೆ. ಪ್ರತಿ ಸಲವೂ, ಚಿಲ್ಲರೆ ಇಲ್ಲ, ಇಳಿಯುವಾಗ ಕೇಳಿ ಎಂದು ಹೇಳಿ ಒಳಗೆ ಹೋಗುತ್ತಿದ್ದ. ನನಗೆ ಮೂಗಿನ ತುದಿಯಲ್ಲೇ ಕೋಪ. ಒಂದು ವರ್ಷ ಈ ವಿಷಯಕ್ಕೆ ಅವನ ಹತ್ತಿರ ಮಾತು ಬಿಟ್ಟಿದ್ದೆ ಕೂಡ.

ಮಕ್ಕಳಿರಲಿಲ್ಲ ಅವರಿಗೆ. ಅದನ್ನು ಯಾರೂ ಎತ್ತಿ ಆಡುತ್ತಿರಲಿಲ್ಲ, ಆದರೆ ಅವನು ಆ ಗಿಡಗಳ ಮೇಲೆ ಇಟ್ಟಿದ್ದ ಜೀವ ನೋಡಿದರೆ ತಾನಾಗಿ ತಿಳಿಯುತ್ತಿತ್ತು.

ಈ ಗಿಡಕ್ಕೆ ಒಂದು ಗುಣವಿದೆ. ಬೀಜ ಹಾಕಿದ ವರ್ಷ ಬರೀ ಎಲೆ, ನೆಲಕ್ಕೆ ಅಂಟಿಕೊಂಡ ಅಗಲ ಎಲೆ. ಗೊತ್ತಿಲ್ಲದವರು ಕಳೆ ಎಂದು ಕಿತ್ತು ಬಿಸಾಡುತ್ತಾರೆ. ಹೂ ಬಿಡುವುದು ಮರುವರ್ಷ. ಹೂ ಬಿಟ್ಟು ಕಾಯಿ ಕಟ್ಟಿದ ಮೇಲೆ ಗಿಡದ ಕಥೆ ಮುಗಿಯಿತು. ಆದ್ದರಿಂದ ಅಣ್ಣ ಪ್ರತಿ ವರ್ಷವೂ ಇದ್ದ ಬೀಜವನ್ನೆಲ್ಲ ಬಿತ್ತುತ್ತಿದ್ದ. ಗೋಡೆಯ ಬದಿಗೆ ಹೂ ಬಿಡುವ ಗಿಡಗಳು, ರಸ್ತೆಯ ಬದಿಗೆ ಬರುವ ವರ್ಷದ ಎಲೆ ಗಿಡಗಳು. ಕಾಯಿ ಬಲಿತಾಗ ಬಿಡಿಸಿ, ಹಳೆಯ ತಟ್ಟೆಯಲ್ಲಿ ಹರವಿ, ಕಿಟಕಿಯ ನೆರಳಲ್ಲಿ ಒಣಗಿಸುತ್ತಿದ್ದ. ಬಿಸಿಲಿಗೂ ಇಡುತ್ತಿರಲಿಲ್ಲ.

ಅಣ್ಣ ತೀರಿಕೊಂಡ ವರ್ಷ ಎಲ್ಲವೂ ಒಟ್ಟಿಗೇ ಬಂತು. ಮೊದಲು ನೀರಿನ ಕೊಳವೆ ಹಾಕುವವರು ಬಂದು ರಸ್ತೆಯ ಬದಿಯನ್ನು ಅಗೆದರು. ಎಲೆ ಗಿಡಗಳೆಲ್ಲ ಒಂದು ಬೆಳಿಗ್ಗೆಯಲ್ಲಿ ಮಣ್ಣುಪಾಲು. ಅಣ್ಣ ಅವರ ಕಾಲು ಹಿಡಿಯುವುದೊಂದು ಬಾಕಿ. ಅವರು ಅಗೆದು, ತುಂಬಿ, ಮೇಲೆ ಸಿಮೆಂಟು ಬಳಿದು ಹೋದರು. ಉಳಿದದ್ದು ಗೋಡೆ ಪಕ್ಕದ ಕೆಲವೇ ಹೂಗಿಡಗಳು, ಅವೂ ಆ ವರ್ಷ ಸಾಯಬೇಕಾದವು. ಕಾಯಿ ಬಲಿಯುವ ಹೊತ್ತಿಗೆ ಸರಿಯಾಗಿ ಮಳೆ ಹಿಡಿಯಿತು, ಬಿಡುವೇ ಇಲ್ಲದ ಮಳೆ. ಅಣ್ಣನಿಗೆ ಕೆಮ್ಮು ಹತ್ತಿತು.

ಆಗ ನಾನು ಇರಲಿಲ್ಲ. ನನ್ನ ಮಗಳ ಹೆರಿಗೆಗೆಂದು ಅವಳ ಊರಿಗೆ ಹೋಗಿದ್ದೆ. ಮುಂದಿನದೆಲ್ಲ ಅತ್ತಿಗೆಯೇ ನನಗೆ ಹೇಳಿದ್ದು, ಒಂದು ಸಲವಲ್ಲ, ಹತ್ತು ಸಲ.

ಅಣ್ಣ ಕಿಟಕಿಯ ಪಕ್ಕದ ಮಂಚದಲ್ಲಿ ಮಲಗಿ ಕಾಯಿಗಳ ಮೇಲೆ ಬೂಷ್ಟು ಏರುವುದನ್ನು ನೋಡುತ್ತಿದ್ದನಂತೆ. ಒಂದು ಬೆಳಿಗ್ಗೆ ಅತ್ತಿಗೆಯನ್ನು ಕರೆದು ಹೇಳಿದನಂತೆ:

"ಕೊಳೆಯೋಕೆ ಮುಂಚೆ ಎಲ್ಲಾ ಬಿಡಿಸ್ಕೋ. ಈ ಮಳೇಲಿ ನೆರಳಲ್ಲಿ ಒಣಗಲ್ಲ, ಎಲ್ಲಾದ್ರೂ ಬೆಚ್ಚಗಿರೋ ಕಡೆ ಇಡು. ಆದ್ರೆ ಹುಷಾರು, ಕೈ ತಾಳುವಷ್ಟೇ ಬಿಸಿ ಇರ್ಬೇಕು. ಇವು ಹೋದ್ರೆ ಇನ್ನಿಲ್ಲ ಕಣೆ."

ಅತ್ತಿಗೆ ಛತ್ರಿ ಹಿಡಿದುಕೊಂಡು ಒಂದೊಂದೇ ಕಾಯಿ ಬಿಡಿಸಿದಳು. ಒಳಗೆ ತೆಳ್ಳಗಿನ ಬಿಲ್ಲೆಯಂಥ ಬೀಜಗಳು ಚಕ್ರದ ಹಾಗೆ ಸುತ್ತಲೂ ಜೋಡಿಸಿಕೊಂಡು ಕೂತಿರುತ್ತವೆ. ಅವುಗಳನ್ನು ಒರೆಸಿ ಒಂದು ದಿಂಬಿನ ಚೀಲಕ್ಕೆ ಹಾಕಿಕೊಂಡಳು. ಅವರು ಹೇಳಿದ ಹಾಗೇ ಒಣಗಿಸಿ ತಂದೆ ಎಂದು ನನಗೆ ಹೇಳಿದಳು. ತಂದು ಅಲುಗಾಡಿಸಿದಾಗ ಗಲಗಲ ಎಂದವಂತೆ. ಅಣ್ಣ ಚೀಲವನ್ನು ಎದೆಯ ಮೇಲಿಟ್ಟುಕೊಂಡು, ನಿನಗೇ ಮೊದಲ ಟಿಕೆಟ್ ಎಂದನಂತೆ.

ಅದಾದ ಮೇಲೆ ಅವನು ಹೆಚ್ಚು ದಿನ ಇರಲಿಲ್ಲ. ಕೆಮ್ಮು ಎದೆಗೆ ಇಳಿಯಿತು. ಅತ್ತಿಗೆ ಕೆಲಸ ಮುಗಿಸಿ ಬಂದ ತಕ್ಷಣ ಸೆರಗಲ್ಲಿ ಕೈ ಒರೆಸಿಕೊಂಡು ಅವನ ಹಣೆ ಮುಟ್ಟಿ ನೋಡುತ್ತಿದ್ದಳು. ಬೆಚ್ಚಗಿದೆ ಅಷ್ಟೇ, ಜ್ವರ ಇಲ್ಲ ಎಂದು ಹೇಳಿ ಹೊದಿಕೆ ಸರಿಮಾಡುತ್ತಿದ್ದಳು. ಅವನೂ ಆಸ್ಪತ್ರೆಗೆ ಹೋಗುವ ಪೈಕಿಯಲ್ಲ. ಜ್ವರ ಇಲ್ಲ ಅಂದಮೇಲೆ ಅಲ್ಲೇನು ಕೆಲಸ ಎನ್ನುತ್ತಿದ್ದ. ಕೊನೆಗೆ ಮಾತು ತೊದಲತೊಡಗಿದಾಗ ಅಕ್ಕಪಕ್ಕದವರು ಸೇರಿ, ಅತ್ತಿಗೆ ಕೆಲಸ ಮಾಡುವ ಆಸ್ಪತ್ರೆಗೇ ಎತ್ತಿಕೊಂಡು ಹೋದರು. ಅವಳೇ ಒಣಗಿಸಿದ ದುಪ್ಪಟಿಯ ಮೇಲೆ ಮಲಗಿಸಿದರು. ಡಾಕ್ಟರು ಮುಟ್ಟಿ ನೋಡಿದವರೇ, ಇಂಥ ಜ್ವರ ಇಟ್ಟುಕೊಂಡು ಇಷ್ಟು ದಿನ ಮನೆಯಲ್ಲಿ ಯಾಕೆ ಕೂರಿಸಿಕೊಂಡಿರಿ ಎಂದು ಅತ್ತಿಗೆಯ ಮೇಲೆ ರೇಗಿದರು. ಶ್ವಾಸಕೋಶ ತುಂಬಿಹೋಗಿತ್ತು. ಬೆಳಗಾಗುವಷ್ಟರಲ್ಲಿ ಎಲ್ಲ ಮುಗಿಯಿತು.

ನಾನು ಓಡಿ ಬಂದಾಗ ಅಣ್ಣನ ಮುಖ ನೋಡಲು ಸಿಗಲಿಲ್ಲ. ಅತ್ತಿಗೆ ಅಳುತ್ತಿರಲಿಲ್ಲ, ಉರಿದು ಬೀಳುತ್ತಿದ್ದಳು. ಆ ಡಾಕ್ಟರು ಸುಳ್ಳು ಹೇಳಿದರು, ದಿನಾ ಮುಟ್ಟಿ ನೋಡಿದವಳು ನಾನು, ಜ್ವರ ಇರಲಿಲ್ಲ, ತಮ್ಮ ಕೈಲಿ ಉಳಿಸಲಾಗಲಿಲ್ಲ ಎಂದು ತಪ್ಪನ್ನು ನನ್ನ ತಲೆಗೆ ಕಟ್ಟಿದರು ಎಂದಳು. ನನಗೂ ಯಾರನ್ನಾದರೂ ಬೈಯಬೇಕಿತ್ತು. ಇಬ್ಬರೂ ಕೂತು ಆ ಡಾಕ್ಟರನ್ನು ಅವರ ವಂಶ ಸಮೇತ ಬೈದೆವು. ಆಮೇಲೆ ಎಷ್ಟೋ ತಿಂಗಳು ಅದೇ ನಮಗೆ ಸಮಾಧಾನ. ಅತ್ತಿಗೆ ಸೊರಗಿದಾಗೆಲ್ಲ ನಾನು ಆ ಡಾಕ್ಟರ ಸುದ್ದಿ ಎತ್ತುತ್ತಿದ್ದೆ, ಅವಳ ಕಣ್ಣಿಗೆ ಸ್ವಲ್ಪ ಜೀವ ಬರುತ್ತಿತ್ತು.

ಮಳೆ ನಿಂತಿತು. ಗೋಡೆ ಪಕ್ಕದ ಗಿಡಗಳು ಬುಡ ಸಮೇತ ಒಣಗಿದವು. ಅತ್ತಿಗೆ ಅವುಗಳನ್ನು ಕಿತ್ತು, ಮಣ್ಣು ಸಡಿಲ ಮಾಡಿ, ಒಂದೊಂದು ಹಿಡಿ ಬೂದಿ ಬೆರೆಸಿ ಬಿತ್ತನೆಗೆ ಸಿದ್ಧಳಾದಳು. ಅಣ್ಣನಿದ್ದಾಗ ಆ ಮಣ್ಣಿಗೆ ಕೈ ಹಾಕಿದವಳಲ್ಲ. ಈಗ ಅವನು ಮಾಡುತ್ತಿದ್ದದ್ದನ್ನೆಲ್ಲ ನೆನಪು ಮಾಡಿಕೊಂಡು, ಬೀಜಗಳನ್ನು ರಾತ್ರಿ ನೀರಲ್ಲಿ ನೆನೆಹಾಕಿ, ಬೆಳಿಗ್ಗೆ ಬೆರಳಿನಿಂದ ಮಣ್ಣಿಗೆ ಒತ್ತಿ, ಮೇಲೆ ಜರಡಿ ಹಿಡಿದ ಮಣ್ಣು ಉದುರಿಸಿದಳು. ಬರೋ ವರ್ಷ ಅಲ್ಲ, ಅದರ ಮುಂದಿನ ವರ್ಷ ಇದೇ ಗೋಡೆಗೆ ಆ ಬಣ್ಣ ಬರುತ್ತೆ ನೋಡು ಎಂದಳು. ಅಷ್ಟು ದೂರದ ಮಾತನ್ನು ಅವಳ ಬಾಯಲ್ಲಿ ಕೇಳಿ ನನಗೆ ಉಸಿರು ಬಂದಂತಾಯಿತು. ಏಕೆಂದರೆ ಆ ದಿನಗಳಲ್ಲಿ ಅವಳು ಸರಿಯಾಗಿ ಊಟ ಮಾಡುತ್ತಿರಲಿಲ್ಲ, ನಾಳೆಯ ಮಾತೂ ಆಡುತ್ತಿರಲಿಲ್ಲ. ಅವಳನ್ನು ಮನೆಗೆ ಕಟ್ಟಿಹಾಕಿದ್ದದ್ದು ಆ ದಿಂಬಿನ ಚೀಲವೊಂದೇ.

ಮೊಳಕೆ ಬರಲಿಲ್ಲ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕಾದಳು. ಇರುವೆ ತಿಂದಿರಬೇಕು ಎಂದಳು. ಎದುರು ಮನೆಯ ಕೋಳಿಯ ಮೇಲೆ ಅನುಮಾನಪಟ್ಟು ಆ ಮನೆಯವಳ ಹತ್ತಿರ ಜಗಳವಾಡಿದಳು; ನಾನೂ ನನ್ನ ಪಾಲಿನದು ಸೇರಿಸಿದೆ, ನನ್ನಿಂದ ಸುಮ್ಮನಿರಲಾಗಲಿಲ್ಲ. ಎರಡನೇ ಸಲ ಹಳೆಯ ಡಬ್ಬಗಳಲ್ಲಿ ಬಿತ್ತಿ, ಮೇಲೆ ನನ್ನ ಹತ್ತಿರ ಉಳಿದಿದ್ದ ಬಲೆಬಟ್ಟೆ ಕಟ್ಟಿದಳು. ಇರುವೆಯೂ ಇಲ್ಲ, ಕೋಳಿಯೂ ಇಲ್ಲ, ಮೊಳಕೆಯೂ ಇಲ್ಲ. ಮೂರನೇ ಸಲ ಒದ್ದೆ ಬಟ್ಟೆಯಲ್ಲಿ ಸುತ್ತಿ ಅಡುಗೆಮನೆಯ ಮೂಲೆಯಲ್ಲಿಟ್ಟಳು. ಬಿಚ್ಚಿ ನೋಡಿದಾಗ ಬೀಜಗಳು ಲೋಳೆಯಾಗಿ ವಾಸನೆ ಹೊಡೆಯುತ್ತಿದ್ದವು. ಅವತ್ತು ಅವಳು ಬಟ್ಟೆಯನ್ನು ಹಿಡಿದುಕೊಂಡು ಅಡುಗೆಮನೆಯ ನೆಲದ ಮೇಲೆ ಕೂತೇಬಿಟ್ಟಳು. ಕೆಲಸಕ್ಕೂ ಹೋಗಲಿಲ್ಲ. ನನಗೆ ಭಯವಾಯಿತು.

ಮಾರನೆಯ ದಿನ, ಉಳಿದ ಬೀಜಗಳನ್ನು ಗೊತ್ತಿದ್ದವರಿಗೆ ತೋರಿಸೋಣ ನಡಿ ಎಂದು ನಾನೇ ಎಬ್ಬಿಸಿದೆ. ಪೇಟೆಯ ಇನ್ನೊಂದು ತುದಿಯಲ್ಲಿ ಬೀಜದ ಅಂಗಡಿಯೊಂದಿದೆ. ಅಂಗಡಿಯವರು ವಯಸ್ಸಾದವರು, ಗಿರಾಕಿ ಬಂದರೆ ಯಾಕೆ ಬಂದಿರಿ ಅನ್ನುವ ಮುಖ. ಅತ್ತಿಗೆ ಚೀಲದ ತಳದಲ್ಲಿ ಉಳಿದಿದ್ದ ಒಂದು ಹಿಡಿ ಬೀಜವನ್ನು ಅವರ ಮುಂದಿನ ಕಾಗದದ ಮೇಲೆ ಸುರಿದು, ಯಾವ ಬಣ್ಣ, ಯಾರು ಬೆಳೆಸಿದ್ದು, ಅವರು ಹೋಗಿ ಎಷ್ಟು ಕಾಲವಾಯಿತು ಎಲ್ಲ ಹೇಳಿದಳು. ಅಷ್ಟು ಮಾತಾಡಿದ್ದನ್ನು ನಾನು ಎಷ್ಟೋ ದಿನದಿಂದ ಕೇಳಿರಲಿಲ್ಲ. ಮುದುಕರ ಮುಖ ಸ್ವಲ್ಪ ಸಡಿಲವಾಯಿತು. ಅದೇ ಹೊತ್ತಿಗೆ ಪಕ್ಕದ ಹೋಟೆಲಿನಿಂದ ಅವರಿಗೆ ಸ್ಟೀಲ್ ಲೋಟದಲ್ಲಿ ಚಹಾ ಬಂತು, ಹೊಗೆಯಾಡುತ್ತಿತ್ತು. ಅವರು ಲೋಟವನ್ನು ಹೆಗಲ ಮೇಲಿನ ಬಟ್ಟೆಯಲ್ಲಿ ಹಿಡಿದು ಅತ್ತಿಗೆಯ ಕಡೆ ಸರಿಸಿದರು. ಕುಡಿಯಮ್ಮ, ದಣಿದಿದ್ದೀಯ ಎಂದರು.

ಆಮೇಲೆ ಬ್ಲೇಡು ತೆಗೆದುಕೊಂಡು ಒಂದು ಬೀಜವನ್ನು ಅಡ್ಡಲಾಗಿ ಕತ್ತರಿಸಿ ಕನ್ನಡಕದ ಹತ್ತಿರ ಹಿಡಿದರು. ಇನ್ನೊಂದು ಕತ್ತರಿಸಿದರು. ಮತ್ತೊಂದು. ಒಳಗೆ ಬೆಳ್ಳಗೆ ಇರಬೇಕಾದದ್ದು ಕಂದಿಹೋಗಿದೆ ಎಂದು ನನಗೆ ತೋರಿಸಿದರು.

"ಬೆಂದು ಹೋಗಿದೆಯಲ್ಲಮ್ಮ ಇದು. ಹೇಗೆ ಒಣಗಿಸಿದ್ರಿ?"

"ಅವರು ಹೇಳಿದ ಹಾಗೇ," ಅಂದಳು ಅತ್ತಿಗೆ. "ಕೈ ತಾಳುವಷ್ಟು ಬಿಸಿಯಲ್ಲಿ. ನಮ್ಮ ಒಣಗಿಸೋ ಕೋಣೇಲಿ, ಆವಿ ಕೊಳವೆ ಪಕ್ಕ ಚೀಲ ತೂಗು ಹಾಕಿದ್ದೆ. ಗಂಟೆಗೊಂದು ಸಲ ಕೈ ಇಟ್ಟು ನೋಡ್ತಿದ್ದೆ."

ಆ ಕೋಣೆಯ ಬಾಗಿಲಲ್ಲಿ ನಿಂತು ಕಂಬಿ ಮುಟ್ಟಿದ್ದು ನನ್ನ ಕೈಗೇ ನೆನಪಾಯಿತು. ಮುದುಕರ ಕಣ್ಣು ಅತ್ತಿಗೆಯ ಕೈ ಮೇಲಿತ್ತು. ಅತ್ತಿಗೆ ಆ ಚಹಾದ ಲೋಟವನ್ನು ಎರಡೂ ಅಂಗೈಗಳ ನಡುವೆ ಅಮುಕಿ ಹಿಡಿದುಕೊಂಡು ಕೂತಿದ್ದಳು, ಚಳಿಗೆ ಕೈ ಕಾಯಿಸಿಕೊಳ್ಳುವವರ ಹಾಗೆ.

"ಸುಡ್ತಾ ಇಲ್ವೇನಮ್ಮ?" ಎಂದರು.

"ಇಲ್ಲ, ಬೆಚ್ಚಗಿದೆ ಅಷ್ಟೇ."

ಹೇಳಿದವಳು ಲೋಟವನ್ನು ನೋಡಿದಳು. ನನ್ನ ಮುಖ ನೋಡಿದಳು. ನಾನು ಹಾಳಾದವಳು, ಮುಖ ತಿರುಗಿಸಿಕೊಳ್ಳಬೇಕು ಅನ್ನುವುದೂ ಹೊಳೆಯಲಿಲ್ಲ. ಅವಳು ಲೋಟವನ್ನು ನಿಧಾನವಾಗಿ ಕೆಳಗಿಟ್ಟು, ಕಾಗದದ ಮೇಲಿನ ಬೀಜಗಳನ್ನು ಮತ್ತೆ ಚೀಲಕ್ಕೆ ತುಂಬಿಕೊಂಡಳು, ಕತ್ತರಿಸಿದ ಚೂರುಗಳನ್ನೂ ಬಿಡದೆ. ಮುದುಕರು ತಮ್ಮಲ್ಲಿರುವ ಕೆಂಪು ಬಣ್ಣದ ಬೀಜ ಸ್ವಲ್ಪ ಕೊಡುತ್ತೇನೆ, ಹತ್ತಿರ ಹತ್ತಿರ ಅದೇ ಬಣ್ಣ ಎಂದರು. ಅತ್ತಿಗೆ ಬೇಡ ಎಂದು ತಲೆಯಾಡಿಸಿದಳು.

ಬಸ್ ನಿಲ್ದಾಣದಲ್ಲಿ ನೆರಳಿರಲಿಲ್ಲ. ಕಲ್ಲಿನ ಬೆಂಚಿನ ಮೇಲೆ ನನ್ನ ಸೆರಗು ಮಡಿಸಿ ಹಾಕಿಕೊಂಡು ನಾನು ಕೂತೆ, ಅವಳು ಸೀದಾ ಕೂತಳು. ಎರಡೂ ಅಂಗೈಗಳನ್ನು ತೊಡೆಯ ಮೇಲೆ ಮೇಲ್ಮುಖವಾಗಿ ಇಟ್ಟುಕೊಂಡು ನೋಡುತ್ತಿದ್ದಳು. ನನಗೆ ಸುಮ್ಮನಿರಲು ಬರುವುದಿಲ್ಲ. ಮಾತು ಹುಡುಕಿ ಹುಡುಕಿ ಆಡಿದೆ. ತಪ್ಪು ಅಣ್ಣನದು, ತನ್ನ ಕೈ ಲೆಕ್ಕ ಹೇಳಿ ನಿನ್ನ ಕೈಗೆ ಕೊಟ್ಟ, ಇಷ್ಟು ವರ್ಷ ನಿನ್ನ ಕೈ ತಮಾಷೆ ಮಾಡಿದವನಿಗೆ ಅಷ್ಟೂ ತಿಳಿಯಲಿಲ್ಲವೆ ಎಂದೆ. ನನಗೆ ಒಂದು ಬೀಜ ಕೊಟ್ಟಿದ್ದರೆ ಇವತ್ತು ನನ್ನ ಮನೆಯಲ್ಲಿ ಗಿಡ ಇರುತ್ತಿತ್ತು, ಜಿಪುಣ ಎಂದು ಸತ್ತವನನ್ನೂ ಬೈದೆ. ಬೀಜ ಹೋದರೆ ಹೋಗಲಿ ಬಿಡು ಎಂದೆ.

"ಬೀಜದ ಯೋಚನೆ ಅಲ್ಲ," ಎಂದಳು.

ಆಮೇಲೆ ಕೈಗಳ ಮೇಲಿಂದ ಕಣ್ಣು ತೆಗೆಯದೆ ಹೇಳಿದಳು: "ಆ ವಾರ ಪೂರ್ತಿ ಅವರ ಹಣೆ ಮುಟ್ಟಿ ನೋಡಿದ್ದು ಇದೇ ಕೈ."

ನನಗೆ ಅಂಗಡಿಯಲ್ಲಿ ಬೀಜದ ಸಂಗತಿ ಅರ್ಥವಾಗಿತ್ತು. ಇದು ಅರ್ಥವಾಗಿರಲಿಲ್ಲ. ಅವಳಿಗೆ ಲೋಟ ಕೆಳಗಿಡುವಾಗಲೇ ಆಗಿತ್ತು. ಆ ಡಾಕ್ಟರು ರೇಗಿದ್ದು, ನಾವಿಬ್ಬರೂ ಅವರನ್ನು ಬೈದದ್ದು, ಅದೆಲ್ಲ ಒಟ್ಟಿಗೆ ನನ್ನ ಮೇಲೆ ಬಿತ್ತು. ಬಾಯಿಗೆ ಏನು ಬಂತೋ ಅದನ್ನೇ ಹೇಳಿಬಿಟ್ಟೆ.

"ನಾನೂ ಮುಟ್ಟಿ ನೋಡಿದ್ದೆ ಅತ್ತಿಗೆ. ಜ್ವರ ಇರಲಿಲ್ಲ."

ಅವಳು ನನ್ನ ಕಡೆ ತಿರುಗಿದಳು. ಕೋಪವೇನೂ ಇರಲಿಲ್ಲ ಮುಖದಲ್ಲಿ. ಕೋಪವಿದ್ದಿದ್ದರೆ ನಾನು ತಡೆದುಕೊಳ್ಳುತ್ತಿದ್ದೆ.

"ನೀನು ಮಗಳ ಮನೇಲಿದ್ದೆ ಕಣೆ," ಎಂದಳು.

ಬಸ್ಸು ಬಂತು. ಮಧ್ಯಾಹ್ನದ ಬಿಸಿಲಲ್ಲಿ ಎಲ್ಲೋ ನಿಂತು ಬಂದ ಬಸ್ಸು. ಅತ್ತಿಗೆ ಮುಂದೆ ಹೋಗಿ, ಹತ್ತಲು ಬಾಗಿಲ ಕಂಬಿಯ ಕಡೆ ಕೈ ಚಾಚಿದವಳು ಮುಟ್ಟದೆ ಹಾಗೇ ನಿಂತಳು. ಹಿಂದಿದ್ದವರು ಹತ್ತಿ ಹತ್ತಿ ಎಂದು ಗದರಿದರು. ಅವಳು ಅವರ ಕಡೆ ನೋಡಲಿಲ್ಲ. ಪಕ್ಕಕ್ಕೆ ಸರಿದು ನನಗೆ ಜಾಗ ಬಿಟ್ಟು, ಮುಟ್ಟಿ ನೋಡು, ಬಿಸಿ ಇದೆಯಾ ಎಂದು ಕೇಳಿದಳು.

ಮುಟ್ಟಿ ನೋಡಿದೆ. ಸುಡುತ್ತಿತ್ತು. ಇದೆ ಅಂದೆ.